ಮೈಕಿಗೆ ಹಚ್ಚಿದ ಗಂಧ

ಹೆರಿಗೆಗೆಂದು ಹೊಸನಗರದ ಹತ್ತಿರದ ತವರಿಗೆ ಬಂದಾಗ ನನ್ನ ಎಂ.ಎ. ಇನ್ನೊಂದು ವರ್ಷ ಬಾಕಿ ಇತ್ತು. ಗಂಡನ ಮನೆಯವರು ಒಂದೇ ಮಾತು ಹೇಳಿದ್ದರು: ಈ ವರ್ಷ ಮುಗಿದರೆ ಮುಗೀತು, ಇಲ್ಲದಿದ್ದರೆ ಓದು ಅಲ್ಲಿಗೇ ನಿಲ್ಲಬೇಕು. ಸಾಗರದ ನಮ್ಮ ಕಾಲೇಜಿನಲ್ಲಿ ಕೆಲವರು ತರಗತಿಯಲ್ಲಿ ಕೂತು, ಉಳಿದವರು ಮನೆಯಿಂದಲೇ ಮೊಬೈಲಿನಲ್ಲಿ ಪಾಠ ಕೇಳುವ ಏರ್ಪಾಡಿತ್ತು. ಸದ್ಯ, ಬಚಾವಾದೆ ಅಂದುಕೊಂಡೆ.

ದಸರಾ ರಜೆಯವರೆಗೂ ಮೇಷ್ಟ್ರ ಕೆಮ್ಮು ಕೂಡ ಸ್ಪಷ್ಟವಾಗಿ ಕೇಳುತ್ತಿತ್ತು. ರಜೆ ಮುಗಿದ ಮೇಲೆ ಬಾಯಿ ಮಾತ್ರ ಆಡುತ್ತಿತ್ತು; ದನಿ ಹಂಡೆಯೊಳಗಿಂದ ಗೊಣಗಿದ ಹಾಗೆ. ಕೇಳ್ತಿಲ್ಲ ಸರ್ ಎಂದು ಬರೆದು ಕಳಿಸಿದೆ. ಸಂಜೆ ಮೇಷ್ಟ್ರೇ ಫೋನ್ ಮಾಡಿದರು. "ಹಳ್ಳಿ ಕಡೆಯವರದೆಲ್ಲ ಇದೇ ದೂರು. ನಿಮ್ಮೂರಲ್ಲಿ ನೆಟ್‌ವರ್ಕ್ ಯಾವಾಗಿತ್ತಮ್ಮಾ? ಸ್ವಲ್ಪ ಎತ್ತರಕ್ಕೆ ಹೋಗಿ ನೋಡು."

ನಾನೂ ನಂಬಿದೆ. ನಮ್ಮ ಕಡೆ ಏನು ಕೆಟ್ಟರೂ ನೆಟ್‌ವರ್ಕಿನ ತಲೆಗೇ ಕಟ್ಟುವುದು ರೂಢಿ. ಕಿವಿಗೆ ಹತ್ತಿ ತುರುಕಿ, ತಲೆಗೆ ಸ್ಕಾರ್ಫ್ ಸುತ್ತಿ, ತಿಂಗಳ ಮಗುವನ್ನು ಎದೆಗವಚಿಕೊಂಡು ದಿನಾ ಪಾಠದ ಹೊತ್ತಿಗೆ ಮನೆ ಹಿಂದಿನ ಗುಡ್ಡ ಹತ್ತತೊಡಗಿದೆ. ಕಿವಿಯ ಹತ್ತಿ ಕಿತ್ತು ಕೇಳಿದರೂ ಅದೇ ಗೊಣಗು.

"ಬಾಣಂತಿ ಗುಡ್ಡ ಹತ್ತೋದುಂಟೇನೇ? ಥಂಡಿ ಹೊಕ್ರೆ ಎಂತ ಮಾಡ್ತೀಯ?" ಎಂದು ಅಮ್ಮ ದಿನಾ ಬೈಯುತ್ತಿದ್ದಳು. ಮಗುವಿಗೆ ಕಫ ಕಟ್ಟಿ ಆಸ್ಪತ್ರೆ ಸೇರಿದ ದಿನ ಮೊಬೈಲು ಕಿತ್ತು ಕಪಾಟಿನಲ್ಲಿಟ್ಟಳು. ನಾನು ಜಗಳ ಆಡಲಿಲ್ಲ. ಹಾಳಾಗಿ ಹೋಗಲಿ ಅನಿಸಿತು. ಹಾಜರಿ ಸಾಲದೆ ಪರೀಕ್ಷೆಗೆ ಕೂರಿಸಲಿಲ್ಲ. ಗಂಡನ ಮನೆಯವರು ಆಡಿದ ಮಾತಿಗೆ ತಪ್ಪುವವರಲ್ಲ.

ಟಿ.ಸಿ. ತರಲು ಹೋದಾಗ ನಮ್ಮ ಪಾಠ ನಡೆಯುತ್ತಿದ್ದ ಕೊಠಡಿಯೊಳಗೆ ಇಣುಕಿದೆ. ಕಂಪ್ಯೂಟರಿಗೆ, ಪ್ರೊಜೆಕ್ಟರಿಗೆ, ಮೇಜಿನ ಮೇಲಿನ ಮೈಕಿಗೆ ಆಯುಧಪೂಜೆಯಲ್ಲಿ ಹಚ್ಚಿದ ಗಂಧ, ಕುಂಕುಮ ಹಾಗೇ ಇತ್ತು. ಮೈಕಿನ ಜಾಲರಿಯ ಮೇಲಂತೂ ಗಂಧ ಒಣಗಿ ಗಾರೆಯಾಗಿತ್ತು. ಪೂಜೆಯ ಕುಂಕುಮ ಒರೆಸಬಾರದಂತೆ! ಮಂಗಳಾರತಿ ಎತ್ತಿದವರಲ್ಲಿ ಒಬ್ಬರಾದರೂ ಪಕ್ಕದ ಕೊಠಡಿಯಲ್ಲಿ ಕೂತು ಮೊಬೈಲಿನಲ್ಲಿ ದನಿ ಹೇಗೆ ಬರುತ್ತದೆ ಎಂದು ಕೇಳಿ ನೋಡಬಾರದಿತ್ತೇ? ನನಗೆ ಮೈಯೆಲ್ಲ ಉರಿಯಿತು.

"ಇದನ್ನ ಒರೆಸಿ ಸರ್," ಎಂದೆ, ಅಲ್ಲೇ ಇದ್ದ ಮೇಷ್ಟ್ರಿಗೆ.

ಮೇಷ್ಟ್ರು ಬೆಪ್ಪಾದರು. ಹಳೆಯ ಬ್ರಷ್ ತರಿಸಿ ತಾವೇ ಉಜ್ಜಿದರು. ಇನ್ನು ಮೇಲೆ ಪಾಠಕ್ಕೆ ಮುಂಚೆ ಒಬ್ಬರನ್ನು ಹೊರಗೆ ಕಳಿಸಿ ಕೇಳಿಸ್ತೀವಿ ಅಂದರು. ಮೊದಲು ನನ್ನನ್ನೇ ಕಳಿಸಿದರು.

ಟಿ.ಸಿ.ಯನ್ನು ಕಂಕುಳಲ್ಲಿಟ್ಟುಕೊಂಡು, ಮೊಬೈಲು ಹಿಡಿದು ಅಂಗಳದ ಮರದ ಕೆಳಗೆ ನಿಂತೆ.

"ಕೇಳ್ತಾ ಇದೆಯೇನಮ್ಮಾ?"

ಪಕ್ಕದಲ್ಲೇ ನಿಂತು ಮಾತಾಡಿದ ಹಾಗಿತ್ತು.

"ಕೇಳ್ತಿದೆ ಸರ್," ಅಂದೆ. ಬಸ್ಸಿಗೆ ಹೊತ್ತಾಗಿತ್ತು.