ನಡುವಿನ ಕುರ್ಚಿಗೆ ಕೇಳದ ಗಿಟಾರ್

ನಾನು ಓದು ನಿಲ್ಲಿಸಿದ್ದು ೧೯೨೯ರಲ್ಲಿ. (ಓದೇ ನನ್ನನ್ನು ನಿಲ್ಲಿಸಿತು ಎನ್ನುವವರು ನಮ್ಮ ದೊಡ್ಡಬಳ್ಳಾಪುರದಲ್ಲಿದ್ದಾರೆ. ಅವರು ಈ ಪತ್ರಿಕೆಯನ್ನು ಪಕ್ಕದ ಮನೆಯಿಂದ ತಂದು ಓದುವವರು, ಹೋಗಲಿ ಬಿಡಿ.) ಅಪ್ಪ ತೀರಿಕೊಂಡಾಗ ನನಗೆ ಹದಿಮೂರು, ತಮ್ಮ ಮುನಿರಾಜುವಿಗೆ ಮೂರು. ಮಗ್ಗದ ಮನೆಗಳಲ್ಲಿ ನೂಲು ಸುತ್ತುತ್ತಿದ್ದ ಕೈ ಮುಂದೆ ತಾಮ್ರದ ತಂತಿ ಸುತ್ತುವುದನ್ನು ಕಲಿಯಿತು. ಇವತ್ತು ಈ ತಾಲ್ಲೂಕಿನಲ್ಲಿ ಮದುವೆಯಿರಲಿ, ನಾಟಕವಿರಲಿ, ಭಾಷಣವಿರಲಿ, ಧ್ವನಿವರ್ಧಕ ಬೇಕೆಂದರೆ ಜನ ಬರುವುದು ನನ್ನ ಬಾಗಿಲಿಗೆ.

ಯಾರೂ ಹೇಳಿಕೊಟ್ಟದ್ದಲ್ಲ. ಬೆರಳು ಸುಟ್ಟುಕೊಂಡು ಕಲಿತದ್ದು. ಕಸುಬಿನ ವಿಷಯದಲ್ಲಿ ಇನ್ನೊಬ್ಬನ ಸಲಹೆ ಪಡೆದವನು ನಾನಲ್ಲ.

ಈ ಹೆಮ್ಮೆ ಕಳೆದ ಭಾನುವಾರ ಸಂಜೆ ನನ್ನ ತಮ್ಮನ ಮದುವೆಯನ್ನು ಇನ್ನೇನು ನುಂಗಿಯೇ ಬಿಡುತ್ತಿತ್ತು.

ಮುನಿರಾಜು ವಿದ್ಯುತ್ ಗಿಟಾರ್ ನುಡಿಸುತ್ತಾನೆ. ಯುದ್ಧ ಮುಗಿಸಿ ಸೀಮೆಗೆ ಹೊರಟ ಬಿಳಿ ಸೋಲ್ಜರ್ ಒಬ್ಬ ದಂಡು ಪ್ರದೇಶದಲ್ಲಿ ಮಾರಿಹೋದ ವಾದ್ಯ ಅದು. ತೊಡೆಯ ಮೇಲೆ ಅಡ್ಡ ಮಲಗಿಸಿ, ಉಕ್ಕಿನ ತುಂಡೊಂದನ್ನು ತಂತಿಯ ಮೇಲೆ ಜಾರಿಸಿ ನುಡಿಸಬೇಕು. ಅದರ ಹೊಟ್ಟೆಯಲ್ಲಿ ದನಿಯಿಲ್ಲ. ಆಂಪ್ಲಿಫೈಯರಿಗೆ ಸೇರಿಸಿದರೆ ಮಾತ್ರ ಮಾತು. ತಮ್ಮ ಅದರಲ್ಲಿ ದೇವರನಾಮ ನುಡಿಸಿದರೆ ಹಾಡುವವರು ಎಲ್ಲಿ ಕೂತಿದ್ದಾರೆ ಎಂದು ಜನ ಹುಡುಕುತ್ತಾರೆ. ನಾಟಕದ ಕಂಪನಿಯೊಂದು ಅವನಿಗೆ ಕೆಲಸ ಕೊಟ್ಟಿದೆ.

ಆದರೆ ಆವತಿಯ ಪಿಳ್ಳಪ್ಪನವರಿಗೆ ಇದು ಹಿಡಿಸಲಿಲ್ಲ. ಅವರ ಮಗಳನ್ನು ನೋಡಿ ಬಂದ ದಿನದಿಂದ ಮುನಿರಾಜು ತಟ್ಟೆಯ ಮುಂದೆ ಕೂತು ಗೋಡೆ ನೋಡುತ್ತಿದ್ದ. ಹುಡುಗಿಯೂ ಒಪ್ಪಿದ್ದಳು. ಉಳಿದದ್ದು ಯಜಮಾನರ ಮಾತು.

"ಉಳೋ ಹುಡ್ಗ ಅಂದ್ರೆ ಗೊತ್ತು, ನೇಯೋ ಹುಡ್ಗ ಅಂದ್ರೆ ಗೊತ್ತು. ತಂತಿ ಉಜ್ಜೋನಿಗೆ ಹೆಣ್ಣು ಕೊಡೋದು ಹೆಂಗಪ್ಪಾ?" ಎಂದರು. ಆಮೇಲೆ, "ಆಗ್ಲಿ, ಒಂದ್ಸಲ ಕೇಳ್ತೀನಿ. ಕೇಳಿ ಹೇಳ್ತೀನಿ."

ಆ ಒಂದು ಸಲ ಬಂದದ್ದು ನಮ್ಮೂರ ನೇಕಾರರ ಸಂಘದ ಹೊಸ ಕಟ್ಟಡದ ಪ್ರವೇಶದಂದು. ಕಟ್ಟಡಕ್ಕೆ ಕಲ್ಲು ಕೊಟ್ಟವರು ಪಿಳ್ಳಪ್ಪನವರೇ. ಮುಂದಿನ ಸಾಲಿನ ಸರಿಯಾಗಿ ನಡುವೆ, ಕೈ ಇರುವ ದೊಡ್ಡ ಕುರ್ಚಿ ಅವರಿಗೆ. ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು. ಅಂಗಳ ಅಗಲ. ನನ್ನ ಒಂದು ಆಂಪ್ಲಿಫೈಯರ್ ಸಾಲದು.

ಹೊಸಕೋಟೆಯ ನಂಜುಂಡನೂ ಇದೇ ಕಸುಬಿನವನು. ಕರೆದದ್ದಕ್ಕೆ ತನ್ನ ಸೆಟ್ಟನ್ನು ಬಸ್ಸಿನ ಮೇಲೆ ಹೇರಿಕೊಂಡು ಬಂದ. ಗಿಟಾರಿನ ತಂತಿಯನ್ನು ಒಂದು ನಶ್ಯದ ಡಬ್ಬಿಗೆ ತಂದು, ಅಲ್ಲಿಂದ ಎರಡು ಕವಲು ಮಾಡಿದೆ. ಒಂದು ನನ್ನ ಆಂಪ್ಲಿಫೈಯರಿಗೆ, ಇನ್ನೊಂದು ಅವನದಕ್ಕೆ. ಅಂಗಳದ ಎಡಗಂಬಕ್ಕೆ ಕಟ್ಟಿದ ಹಾರ್ನ್ ನನ್ನದು, ಬಲಗಂಬದ್ದು ಅವನದು. ಮೊದಲು ಗುಂಯ್ ಎಂದು ಹೆಜ್ಜೇನಿನ ಸದ್ದು ಬಂತು. ಒಂದು ಪ್ಲಗ್ಗನ್ನು ತಿರುವಿ ಹಾಕಿದೆ, ಅಡಗಿತು. ಸುತ್ತ ನಿಂತವರು ತಲೆದೂಗಿದರು. (ನಾನೂ ನನ್ನ ತಲೆಯನ್ನು ಸ್ವಲ್ಪ ಎತ್ತಿಕೊಂಡೆ, ಸುಳ್ಳು ಯಾಕೆ ಹೇಳಲಿ?)

ಮುನಿರಾಜು ಶುರು ಮಾಡಿದ. ನಾನು ಕೈಕಟ್ಟಿ ಕೂರುವವನಲ್ಲ. ವಾದ್ಯ ನುಡಿಯುತ್ತಿರುವಾಗ ಅಂಗಳ ಸುತ್ತುತ್ತೇನೆ, ಎಲ್ಲಿ ಹೇಗೆ ಕೇಳುತ್ತದೆ ಎಂದು. ಗಂಡಸರ ಕಡೆ ತುಂಬು ದನಿ. ಹೆಂಗಸರ ಕಡೆಯೂ ಅಷ್ಟೇ. ತೃಪ್ತಿಯಿಂದ ನಡುವಿನ ದಾರಿಗೆ ಬಂದೆ.

ದನಿಯೇ ಇಲ್ಲ!

ಇಲ್ಲವೆಂದರೆ ಪೂರ್ತಿ ಇಲ್ಲವೆಂದಲ್ಲ. ಯಾರೋ ಗಿಟಾರನ್ನು ಕೊಡದೊಳಗೆ ಹಾಕಿ ಮುಚ್ಚಳ ಮುಚ್ಚಿದಂತೆ ಸಣ್ಣಗೆ, ಟೊಳ್ಳಾಗಿ. ಎರಡು ಹೆಜ್ಜೆ ಎಡಕ್ಕಿಟ್ಟರೆ ತುಂಬುತ್ತದೆ, ಬಲಕ್ಕಿಟ್ಟರೂ ತುಂಬುತ್ತದೆ. ನಡುವೆ ಮಾತ್ರ ಹೀಗೆ. ಅಂಗಳಕ್ಕೆಲ್ಲ ಕೇಳುತ್ತಿದ್ದದ್ದು ಒಬ್ಬರಿಗೆ ಮಾತ್ರ ಕೇಳುತ್ತಿರಲಿಲ್ಲ. ಆ ಒಬ್ಬರು ಯಾರು?

ಪಿಳ್ಳಪ್ಪನವರು ಕಿವಿಯ ಹಿಂದೆ ಅಂಗೈ ಇಟ್ಟುಕೊಂಡಿದ್ದರು. ಮೊದಲ ಹಾಡು ಮುಗಿದಾಗ ಎರಡೂ ಕಡೆಯಿಂದ ಚಪ್ಪಾಳೆ ಬಿತ್ತು. ಅವರು ಅತ್ತ ಇತ್ತ ನೋಡಿದರು, ಇವರಿಗೆಲ್ಲ ಏನಾಗಿದೆ ಎನ್ನುವ ಹಾಗೆ.

ನನಗೆ ಕಾರಣ ಹೊಳೆಯಿತು. ಒಂದು ಹಾರ್ನ್ ಗಾಳಿಯನ್ನು ಮುಂದಕ್ಕೆ ತಳ್ಳುವ ಹೊತ್ತಿಗೆ ಇನ್ನೊಂದು ಹಿಂದಕ್ಕೆ ಎಳೆಯುತ್ತಿದೆ. ಎರಡೂ ಸಮದೂರವಾದ ಕಡೆ ಒಂದರ ದನಿಯನ್ನು ಇನ್ನೊಂದು ತಿಂದುಹಾಕುತ್ತದೆ. ಅಂದರೆ ಯಾವುದೋ ಒಂದು ಹಾರ್ನಿನ ಎರಡು ವೈರ್ ಆಂಪ್ಲಿಫೈಯರಿನ ಹಿಂದಿನ ಎರಡು ಸ್ಕ್ರೂಗಳಲ್ಲಿ ಅದಲುಬದಲಾಗಿವೆ. ಹೇಗೆ ಸಾಧ್ಯ? ಮೇಲಿನ ಸ್ಕ್ರೂವಿನ ವೈರಿಗೆ ಕೆಂಪು ರೇಷ್ಮೆ ದಾರ ಕಟ್ಟುವುದು ನನ್ನ ಪದ್ಧತಿ. ನಂಜುಂಡನ ವೈರಿಗೂ ಕೆಂಪು ದಾರವಿತ್ತು. ಅದನ್ನು ನಾನೇ ಮೇಲಿನ ಸ್ಕ್ರೂವಿಗೆ ಬಿಗಿದಿದ್ದೆ.

ಎರಡನೆಯ ಹಾಡು ಶುರುವಾಗಿತ್ತು. ಸಂಘದ ಕಾರ್ಯದರ್ಶಿಯ ಹತ್ತಿರ ಹೋಗಿ, ಯಜಮಾನರ ಕುರ್ಚಿಯನ್ನು ಎರಡು ಗಜ ಪಕ್ಕಕ್ಕೆ ಸರಿಸಬಹುದೇ ಎಂದೆ.

"ತಲೆ ಕೆಟ್ಟಿದ್ಯೇನ್ರೀ? ದೊಡ್ಡೋರ ಕುರ್ಚಿ ಮೂಲೆಗೆ ಹಾಕೋಕಾಗ್ತದಾ?"

ಅಷ್ಟರಲ್ಲಿ ಪಿಳ್ಳಪ್ಪನವರ ಕೈ ಕುರ್ಚಿಗೆ ಒರಗಿಸಿದ್ದ ಊರುಗೋಲಿನ ಮೇಲೆ ಹೋಯಿತು. ಎದ್ದರೆ ಮುಗಿಯಿತು. ಕೇಳಿ ಹೇಳುತ್ತೇನೆ ಎಂದಿದ್ದವರು ಕೇಳದೆಯೇ ಹೇಳಿಬಿಡುತ್ತಾರೆ.

ಬಲಗಂಬದ ಬುಡಕ್ಕೆ ಓಡಿದೆ. ನಂಜುಂಡ ತನ್ನ ಆಂಪ್ಲಿಫೈಯರಿನ ಪಕ್ಕ ಬೀಡಿ ಸೇದುತ್ತಿದ್ದ.

"ನಂಜುಂಡ, ಕೆಂಪು ದಾರ ಯಾವ ಸ್ಕ್ರೂವಿನ ವೈರಿಗೆ ಕಟ್ತೀಯೋ?"

"ಕೆಳಗಿಂದಕ್ಕೆ. ಯಾಕ್ಲಾ?"

"ಕೆಳಗಿಂದಕ್ಕಾ!"

"ಹೂಂ ಕಣೋ. ನೀನು ಬಂದೋನೇ ಚಕಚಕ ಬಿಗಿದ್ಬಿಟ್ಟೆ. ನನ್ನ ಒಂದ್ ಮಾತು ಕೇಳಿದ್ಯಾ?"

ನಾನು ದನಿಯ ಗುಂಡಿಗೆ ಕೈ ಹಾಕಿದೆ. ಅವನು ಕೈ ತಳ್ಳಿದ. "ನನ್ನ ಸೆಟ್ ಮುಟ್ಬೇಡ. ನುಡಿಯೋವಾಗ ವೈರ್ ಕಿತ್ರೆ ಒಳಗೆ ಸುಟ್ಟೋಗ್ತದೆ. ಅದು ಹಂಗೇ ಇರ್ಲಿ. ಚೆನ್ನಾಗೇ ಬರ್ತೈತಲ್ಲ?"

ಅವನ ಕಿವಿಗೆ ಚೆನ್ನಾಗಿಯೇ ಬರುತ್ತಿತ್ತು. ನಾನು ಆ ಕಡೆ ನೋಡಿದೆ. ಪಿಳ್ಳಪ್ಪನವರು ಊರುಗೋಲನ್ನು ನೆಲಕ್ಕೂರಿ ಮುಂದಕ್ಕೆ ಬಾಗಿದ್ದರು. ವೇದಿಕೆಯ ಮೇಲೆ ತಮ್ಮನೂ ಅದನ್ನು ಕಂಡಿದ್ದ.

ಹತ್ತೊಂಬತ್ತು ವರ್ಷದಿಂದ ನನ್ನ ಬಾಯಿಂದ ಬರದಿದ್ದ ಮಾತು ಆಗ ಬಂತು. "ತಪ್ಪು ನಂದು ಕಣೋ ನಂಜುಂಡ."

ಅವನು ಬೀಡಿ ಕೆಳಗಿಟ್ಟ. "ಏನಂದೆ? ಇನ್ನೊಂದ್ಸಲ ಹೇಳು."

"ತಪ್ಪು ನಂದು. ಸಣ್ಣ ಮಾಡು, ಬೇಗ!"

ಅವನೇ ಗುಂಡಿಯನ್ನು ನಿಧಾನವಾಗಿ ಸೊನ್ನೆಗೆ ತಿರುಗಿಸಿದ. ಬಲಗಂಬ ಮೂಕವಾಯಿತು. "ಯಾಕ್ರಪ್ಪಾ, ನಮ್ ಕಡೆ ನಿಲ್ಸ್‌ಬಿಟ್ರಿ?" ಎಂದು ಹೆಂಗಸರು ಕೂಗಿದರು. ಆದರೆ ಎಳೆಯುವ ಹಾರ್ನ್ ಸುಮ್ಮನಾದ ಕೂಡಲೇ ನಡುವಿನ ಕುರ್ಚಿಗೆ ದನಿ ತಲುಪಿತು. ಅರ್ಧ ಎದ್ದಿದ್ದ ಪಿಳ್ಳಪ್ಪನವರು ಹಾಗೆಯೇ ನಿಂತರು. ನಾನು ಎರಡು ಸ್ಕ್ರೂ ಸಡಿಲಿಸಿ, ವೈರ್ ಅದಲುಬದಲು ಮಾಡಿ, ಬಿಗಿದೆ. ಬೆವರಿಗೆ ಸ್ಕ್ರೂಡ್ರೈವರ್ ಎರಡು ಸಲ ಜಾರಿತು. ನಂಜುಂಡ ದನಿ ಏರಿಸಿದ.

ಯಜಮಾನರು ಕೂತರು. ಊರುಗೋಲು ತೊಡೆಯ ಮೇಲೆ ಮಲಗಿತು.

ಎಲ್ಲ ಮುಗಿದ ಮೇಲೆ ತಮ್ಮನನ್ನು ಹತ್ತಿರ ಕರೆದರು. "ಶುರುನಾಗೆ ಹೆದ್ರಿಬಿಟ್ಟಿದ್ದೆ ಅಲ್ವೇನಪ್ಪಾ? ಏನೂ ಬರ್ತಾನೇ ಇರ್ಲಿಲ್ಲ. ಆಮೇಕೆ ಕೈ ಕುದುರ್ತು."

ಮುನಿರಾಜು ತಲೆ ತಗ್ಗಿಸಿದ. ನನ್ನನ್ನು ಬಿಟ್ಟುಕೊಡುವ ಹುಡುಗನಲ್ಲ ಅವನು. ನಾನು ಸುಮ್ಮನಿದ್ದರೂ ನಡೆಯುತ್ತಿತ್ತು. ನಡೆಯುತ್ತಿತ್ತೇ?

"ಅವ್ನು ಹೆದ್ರಿರ್ಲಿಲ್ಲ ಯಜಮಾನ್ರೇ. ತಪ್ಪು ನಂದು. ವೈರ್ ತಿರುಗಾಮುರುಗಾ ಹಾಕ್ಬಿಟ್ಟಿದ್ದೆ. ಎಲ್ಲಾರ್ಗೂ ಕೇಳಿಸ್ತಿತ್ತು, ನಡುವೆ ಕೂತೋರಿಗೆ ಮಾತ್ರ ಇಲ್ಲ."

ಅವರು ನನ್ನ ಕಡೆ ತಿರುಗಿದರು.

"ನಲವತ್ತು ವರ್ಷದಿಂದ ಎಲ್ಲಿ ಹೋದ್ರೂ ನನ್ನ ನಡುವೇನೇ ಕೂರಿಸ್ತಾರೆ ಕಣಪ್ಪಾ," ಎಂದರು. "ಇವತ್ತಿನ ಗಂಟ ಒಬ್ನೂ ಈ ಮಾತು ಹೇಳಿರ್ಲಿಲ್ಲ." ಊರುಗೋಲು ಊರಿ ಎದ್ದರು. "ಬರೋ ಶುಕ್ರವಾರ ಮನೆಗ್ ಬನ್ನಿ. ಹೂವು ಹಣ್ಣು ತಂದ್ಬಿಡಿ."

ಓದಿದವರು ವರ್ಷಕ್ಕೊಮ್ಮೆ ತಮ್ಮ ಲೆಕ್ಕ ತೆಗೆಯುತ್ತಾರಂತೆ. ನನ್ನದೂ ಇದೆ: ಒಂದು ಆಂಪ್ಲಿಫೈಯರ್, ಒಂದು ಹಾರ್ನ್, ಒಂದು ಏಣಿ, ಒಬ್ಬ ತಮ್ಮ, ಸೊನ್ನೆ ಸರ್ಟಿಫಿಕೇಟು, ಮತ್ತು ಒಂದೇ ಸಂಜೆ ಮೂರು ಸಲ ಒಪ್ಪಿಕೊಂಡ ಒಂದು ತಪ್ಪು.