ಅಜ್ಜಿಯ ಹೆಸರು ಕೇಳಿದ ಹಂಸಾ

ಚಾಮರಾಜಪೇಟೆಯ ಹಂಸಾ ಅಂಗಡಿಗಳಿಗೆ ಜಾಹೀರಾತು ಬರೆದುಕೊಡುತ್ತಾಳೆ. ಪಾಂಪ್ಲೆಟ್, ಡಬ್ಬದ ಲೇಬಲ್, ವಾಟ್ಸಾಪ್‌ನಲ್ಲಿ ಕಳಿಸುವ ನಾಲ್ಕು ಸಾಲು, ಇಂಥವು. ಯಾರ ಮಾತನ್ನೂ ಅವಳು ಒಂದೇ ಸಲಕ್ಕೆ ನಂಬುವುದಿಲ್ಲ. ಅವಳು ಚಿಕ್ಕವಳಿದ್ದಾಗ ತಾಯಿ ಯಾವುದೋ ಪಾಂಪ್ಲೆಟ್ ನಂಬಿ ಮುಲಾಮು ಹಚ್ಚಿಕೊಂಡು ಕೆನ್ನೆ ಸುಟ್ಟುಕೊಂಡಿದ್ದಳು. “ಅಚ್ಚಾಗಿದೆ ಅಂದ್ಮೇಲೆ ಸುಳ್ಳಿರಲ್ಲ ಅನ್ಕೊಂಡೆ ಕಣೆ” ಎಂದಿದ್ದಳು. ಹಾಗಾಗಿ ಕಣ್ಣಾರೆ ಕಾಣದ್ದನ್ನು ಹಂಸಾ ಬರೆಯಳು. ಗಿರಾಕಿಗಳು ಬೇಸತ್ತು ಎದ್ದುಹೋದದ್ದೂ ಉಂಟು.

ಕಳೆದ ಯುಗಾದಿಯ ಹೊತ್ತಿಗೆ ಬಸವನಗುಡಿಯಲ್ಲಿ ಸಾರಿನ ಪುಡಿ ಮಾರುವ ಬಸವಪ್ರಭು ಅವಳಲ್ಲಿಗೆ ಬಂದರು.

“ನಮ್ಮಜ್ಜಿ ಕೈರುಚಿ ಅಂತ ಬರೀರಿ ಮೇಡಂ. ಮೂರು ತಲೆಮಾರಿಂದ ಅಂತ್ಲೂ ಹಾಕಿ.”

“ಅಜ್ಜಿ ಹೆಸರೇನು?”

“ಹೆಸರ್ಯಾಕೆ? ಅಜ್ಜಿ ಅಂದ್ರೆ ಸಾಲ್ದಾ?”

“ಪುಡಿ ಮಾಡೋ ಜಾಗ ತೋರಿಸ್ತೀರಾ?”

ಬಸವಪ್ರಭು ಅವಳನ್ನೇ ದಿಟ್ಟಿಸಿದರು. “ನಮ್ಮ ಎದುರಂಗಡಿಗೂ ನೀವೇ ಬರೀತೀರಂತೆ. ನೋಡ್ಕೊಂಡು ಅವ್ರಿಗೆ ಹೇಳೋಕಾ?”

ಅವರು ಬಿಟ್ಟುಹೋದ ಪುಡಿಯಲ್ಲಿ ಹಂಸಾ ಸಾರು ಮಾಡಿದಳು. ಸಾರು ಸೊಗಸಾಗಿತ್ತು. ಅನುಮಾನ ಇನ್ನೂ ಹೆಚ್ಚಿತು. ಇಷ್ಟು ಒಳ್ಳೆಯ ಪುಡಿಗೆ ಮುಚ್ಚುಮರೆ ಯಾಕೆ?

ಮರುದಿನ ಬೆಳಿಗ್ಗೆ ಅಂಗಡಿಯ ಹಿಂದಿನ ಗಲ್ಲಿಗೆ ಹೋದಳು. ಕೊತ್ತಂಬರಿ ಬೀಜ ಹುರಿಯುವ ಘಮ ಒಂದು ಶೀಟಿನ ಮನೆಯಿಂದ ಬರುತ್ತಿತ್ತು. ಒಳಗೆ ದೊಡ್ಡ ಬಾಣಲೆಯ ಮುಂದೆ ಒಬ್ಬ ಹೆಂಗಸು ಕೂತಿದ್ದಳು.

“ಯಾರವ್ವಾ ನೀನು? ಕಾರ್ಪೊರೇಷನ್ ಆಫೀಸಿನೋರಾ?”

ಹಂಸಾ ತಾನು ಬಂದ ಕಾರಣ ಹೇಳಿದಳು. ಹೆಂಗಸಿನ ಹೆಸರು ಮುನಿಯಕ್ಕ. ಅಂಗಡಿ ಶುರುವಾದಾಗಿನಿಂದ ಪುಡಿ ಮಾಡುತ್ತಿದ್ದವಳು ಅವಳೇ.

ಅಷ್ಟರಲ್ಲಿ ಬಸವಪ್ರಭು ಬಂದರು. ಸಿಕ್ಕಿಬಿದ್ದವರಂತೆ ನಿಂತು, ದನಿ ತಗ್ಗಿಸಿ ಹೇಳಿದರು: “ಇವ್ರ ಹೆಸರು ಹಾಕಿದ್ರೆ ಕೆಲವ್ರು ತಗೊಳಲ್ಲ ಮೇಡಂ. ಹೆಸರಲ್ಲೇ ಜಾತಿ ಹುಡುಕೋರು ಇದಾರೆ.”

ಮುನಿಯಕ್ಕನಿಗೆ ಅದು ಕೇಳಿಸಿತು. ಅವಳ ಕೈಯಲ್ಲಿದ್ದ ಸೌಟು ನಿಲ್ಲಲಿಲ್ಲ.

“ಇಲ್ಲದ ಅಜ್ಜೀನ ನಾನು ಬರೆಯಲ್ಲ” ಎಂದು ಹಂಸಾ ಅಲ್ಲೇ ಗೀಚಿ ಓದಿದಳು: “ಈ ಸಾರಿನ ಪುಡಿ ಮಾಡುವವರು ಮುನಿಯಕ್ಕ. ಅಂಗಡಿಯ ಹಿಂದೆಯೇ ಹುರಿಯುತ್ತಾರೆ. ಬಂದು ನೋಡಿ.”

ಮುನಿಯಕ್ಕ ಹುಬ್ಬುಗಂಟಿಕ್ಕಿದಳು. “ಇಷ್ಟ್ ದಿನ ಇಲ್ದಿದ್ದು ಈಗ ನನ್ನೆಸ್ರು ಯಾಕೆ? ನಾಳೆ ಯಾರ್ಗಾದ್ರೂ ಹೊಟ್ಟೆ ಕೆಟ್ರೆ ನನ್ ತಲೆಗೆ ಕಟ್ಟಾಕಾ?”

ಆ ಸಂಶಯ ನ್ಯಾಯವಾದದ್ದೇ ಎನ್ನಿಸಿತು ಹಂಸಾಗೆ. “ಕಟ್ಟಬಹುದು ಅಕ್ಕ. ನೀವು ಬೇಡ ಅಂದ್ರೆ ಹರಿದುಹಾಕ್ತೀನಿ.”

ಮುನಿಯಕ್ಕ ಇನ್ನೊಮ್ಮೆ ಓದಿಸಿಕೊಂಡಳು. ಆಮೇಲೆ ಬಸವಪ್ರಭುವಿನ ಕಡೆ ತಿರುಗಿ, “ಹಾಕ್ಕಳಿ. ಆದ್ರೆ ಹೋದ್ಸಲದಂಗೆ ಹುಳ ಬಿದ್ದಿರೋ ಮೆಣ್ಸಿನ್ಕಾಯಿ ತಂದ್ರೆ ನಾನು ಮುಟ್ಟಾಕಿಲ್ಲ. ಹೆಸ್ರು ನಂದು” ಎಂದಳು.

ಬಸವಪ್ರಭು ಅಳುಕುತ್ತಲೇ ಸ್ವಲ್ಪ ಲೇಬಲ್ ಮಾತ್ರ ಅಚ್ಚು ಹಾಕಿಸಿದರು. ಕೆಲವರು ಡಬ್ಬ ಎತ್ತಿಕೊಂಡು, ಓದಿ, ಕೆಳಗಿಟ್ಟರು. ಹಳೆಯ ಗಿರಾಕಿಯೊಬ್ಬರು ನೇರವಾಗಿಯೇ ಕೇಳಿದರು: “ಮುನಿಯಕ್ಕ ಅಂದ್ರೆ ಯಾವ ಜನ?”

ಬಸವಪ್ರಭು ಡಬ್ಬವನ್ನು ಅವರತ್ತ ಸರಿಸಿ, “ನಮ್ಮ ಅಂಗಡಿ ಜನ” ಎಂದರು. ಆ ಗಿರಾಕಿ ಮತ್ತೆ ಬರಲಿಲ್ಲ. ಗಲ್ಲಿಯಲ್ಲಿ ಇಣುಕಿ ನೋಡಿ ಡಬ್ಬ ಕೊಂಡವರು ನಿಧಾನವಾಗಿ ಹೆಚ್ಚಾದರು. ಮಳೆಗಾಲದ ಹೊತ್ತಿಗೆ ಲೇಬಲ್ ಮತ್ತೆ ಅಚ್ಚಿಗೆ ಹೋಯಿತು.

ಹಂಸಾ ಈಗಲೂ ಆಗಾಗ ಬೇರೆಯವರ ಕೈಯಲ್ಲಿ ಆ ಪುಡಿ ತರಿಸಿ ರುಚಿ ನೋಡುತ್ತಾಳೆ. ರುಚಿ ಕೆಟ್ಟರೆ ತನ್ನ ಸಾಲುಗಳನ್ನು ತೆಗೆಸಿಬಿಡುವೆನೆಂದು ಬಸವಪ್ರಭುವಿಗೆ ಮೊದಲೇ ಹೇಳಿಟ್ಟಿದ್ದಾಳೆ.