ಹಿಡಿದು ಬಿಡುವ ಕರಾರು

ಜರ್ಮನಿ ಐಟಿಯವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡಿನ ಮೇಲೆ ನಾವು ಅಲ್ಲಿನ ಎರ್ಲಾಂಗೆನ್ ಊರಿಗೆ ಹೋದ ಮೊದಲ ಚಳಿಗಾಲದಲ್ಲಿ ನನ್ನ ಗಂಡ ಮೀನು ಹಿಡಿಯುವ ಪರೀಕ್ಷೆಗೆ ಓದಲು ಕುಳಿತರು. ಅಲ್ಲಿ ಗಾಳ ಹಾಕಬೇಕಾದರೂ ತರಗತಿಗೆ ಹೋಗಿ, ಪರೀಕ್ಷೆ ಪಾಸಾಗಿ, ಪರವಾನಗಿ ಪಡೆಯಬೇಕು. ಆ ಏರ್ಪಾಡು ನನಗೆ ಬಹಳ ಹಿಡಿಸಿತು. ಏಳುವುದಕ್ಕೂ ಉಣ್ಣುವುದಕ್ಕೂ ಗಂಟೆ ಬಾರಿಸುತ್ತಿದ್ದ ಹಾಸ್ಟೆಲಿನಲ್ಲಿ ಬೆಳೆದವಳು ನಾನು.

ಅವರು ದಾಂಡೇಲಿಯವರು, ಕಾಳಿ ನದಿಯ ಬಂಡೆಗಳ ಮೇಲೆ ಗಾಳ ಹಿಡಿದು ಬೆಳೆದವರು. ನಾನು ಧಾರವಾಡದ ಸಸ್ಯಾಹಾರಿ ಮನೆಯವಳು. ಮದುವೆಗೆ ಮೊದಲೇ ನಮ್ಮಲ್ಲೊಂದು ಕರಾರಾಗಿತ್ತು: ಮೀನು ಹಿಡಿಯಬಹುದು, ಆದರೆ ಹಿಡಿದದ್ದನ್ನು ನೀರಿಗೇ ಬಿಡಬೇಕು, ಮನೆಗೆ ತರಬಾರದು. ಅವರು ಅದನ್ನು ಒಮ್ಮೆಯೂ ಮುರಿದಿರಲಿಲ್ಲ.

ಆ ಚಳಿಗಾಲ ಅವರಿಗೆ ಭಾರವಾಗಿತ್ತು. ಆಫೀಸಿನ ಕೆಲಸ ಇಂಗ್ಲಿಷಿನಲ್ಲಿ ನಡೆದರೂ ಮಧ್ಯಾಹ್ನದ ಊಟದ ಹರಟೆಯೆಲ್ಲ ಜರ್ಮನ್. ಸಂಜೆ ಮನೆಗೆ ಬಂದು ಬೂಟು ಬಿಚ್ಚಿದವರು ಬಾಗಿಲ ಬಳಿಯೇ ಕುಳಿತುಬಿಡುತ್ತಿದ್ದರು. "ವಾಪಸ್ ಹೋಗೂಣೇನು?" ಎಂದು ಕೇಳುವುದೂ ಶುರುವಾಗಿತ್ತು. ಎರ್ಲಾಂಗೆನ್ನಿನ ಉತ್ತರಕ್ಕಿರುವ ಗುಡ್ಡಗಳಲ್ಲಿ ಕಲ್ಲುಬಂಡೆಯ ತೊರೆಗಳಿವೆ, ಬಾರ್ಶ್ ಎಂಬ ಗೇಣುದ್ದದ ಪಟ್ಟೆಮೀನು ಸಿಗುತ್ತದೆ ಎಂದು ಯಾರೋ ಹೇಳಿದ ಮೇಲೆಯೇ ಅವರ ಮುಖಕ್ಕೆ ಕಳೆ ಬಂದದ್ದು.

ನನ್ನ ಜರ್ಮನ್ ಅವರದಕ್ಕಿಂತ ವಾಸಿ. ಹಾಗಾಗಿ ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ನಾನು ಪುಸ್ತಕ ಹಿಡಿದು ಪ್ರಶ್ನೆ ಕೇಳುತ್ತಿದ್ದೆ.

"ಬಾರ್ಶಿನ ಬೆನ್ನ ಮ್ಯಾಲ ರೆಕ್ಕಿ ಎಷ್ಟು?"

"ಎರಡು. ಮುಂದಿಂದು ಬರೇ ಮುಳ್ಳು. ಥೇಟ್ ನಿನ್ನಂಗ."

"ನಗೂದು ಸಾಕು. ಮುಂದಿನ ಪ್ರಶ್ನಿ: ಅಳತಿಗೆ ಬಂದ ಮೀನನ್ನ ಬರೇ ಆಟಕ್ಕಂತ ಹಿಡಿದು ಬಿಡಬಹುದೇನು?"

ಬಿಡಬಹುದು ಎಂದೇ ನಾನು ತಿಳಿದಿದ್ದೆ. ಅವರು ಮೆಲ್ಲಗೆ, "ಇಲ್ಲ," ಎಂದರು. ಉತ್ತರದ ಪುಟ ತಿರುಗಿಸಿದೆ. ಅದೇ ಸರಿ. ತಿನ್ನುವುದಕ್ಕಾದರೆ ಮಾತ್ರ ಹಿಡಿಯಬೇಕು, ಮೋಜಿಗಾಗಿ ಜೀವಕ್ಕೆ ನೋವು ಕೊಟ್ಟು ಬಿಡುವುದು ಅಲ್ಲಿ ತಪ್ಪು.

"ನಿಮಗಿದು ಗೊತ್ತಿತ್ತೇನ್ರಿ?"

"ಹೋದ ವಾರ ಕ್ಲಾಸಿನಾಗ ಹೇಳಿದ್ರು."

"ನನಗ್ಯಾಕ ಹೇಳಲಿಲ್ಲ?"

"ಹೇಳಿ ಏನ್ ಮಾಡೂದು? ನಿನಗ ಮಾತು ಕೊಟ್ಟೀನಿ. ಪರೀಕ್ಷಾ ಬಿಟ್ಟರಾತು." ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಕಪಾಟಿನಲ್ಲಿಟ್ಟರು.

ಬಿಡುವುದೇ ದಯೆ ಎಂದು ನಾನು ಇಷ್ಟು ವರ್ಷ ನಂಬಿದ್ದೆ. ಗಾಳಕ್ಕೆ ಹರಿದ ಬಾಯಿಯ ಬಗ್ಗೆ ಯೋಚಿಸಿಯೇ ಇರಲಿಲ್ಲ. ಆದರೂ ನನ್ನನ್ನು ಹೆಚ್ಚು ಕಾಡಿದ್ದು ಅವರು ಪುಸ್ತಕ ಎತ್ತಿಟ್ಟ ರೀತಿ. ಬೆಳಿಗ್ಗೆ ಚಹಾದ ಜೊತೆಗೆ ಅದನ್ನೂ ಮೇಜಿನ ಮೇಲಿಟ್ಟೆ.

"ಇದು ಹೊಸಾ ಕರಾರು. ಬಾಲ್ಕನಿಯೊಳಗ ಬ್ಯಾರೆ ಒಲಿ, ಬ್ಯಾರೆ ಬಾಣಲಿ, ಬ್ಯಾರೆ ಚಾಕು. ಮೀನು ಅಡಗಿ ಮನಿಯೊಳಗ ತರಂಗಿಲ್ಲ."

"ಖರೇನ?"

"ಫೇಲಾದ್ರ ಅದೂ ಇಲ್ಲ."

ಪಾಸಾದರು. ಬೇಸಿಗೆಯಲ್ಲಿ ನಾನೂ ಜೊತೆಗೆ ಹೋದೆ. ಬಿಳಿಬಂಡೆಗಳ ನಡುವೆ ತಣ್ಣನೆಯ ತಿಳಿನೀರು. ಅವರು ಮೊಣಕಾಲವರೆಗೆ ಇಳಿದು, ಬಂಡೆಗಿಂತ ಮೇಲಿನ ಹರಿವಿಗೆ ಗಾಳ ಎಸೆದು, ಹುಳ ತಾನಾಗಿ ಬಂಡೆಯ ನೆರಳಿಗೆ ತೇಲಿ ಬರಲು ಬಿಡುತ್ತಿದ್ದರು. ಬಾಗಿಲ ಬಳಿ ಕುಸಿದು ಕೂರುತ್ತಿದ್ದವರು ಇವರೇನಾ ಅನ್ನಿಸಿತು. ಕೊನೆಗೊಂದು ಬಾರ್ಶ್ ಸಿಕ್ಕಿತು: ಹಸಿರು ಮೈ, ಕಪ್ಪು ಪಟ್ಟೆ, ಕೆಂಪು ರೆಕ್ಕೆ. ಅಳತೆ ನೋಡಿದರು, ಸಾಕಷ್ಟಿತ್ತು. ಆದರೂ ವರ್ಷಗಳ ಅಭ್ಯಾಸಕ್ಕೆ ಅವರ ಕೈ ನೀರಿನ ಕಡೆಗೇ ಇಳಿಯಿತು. ಅಲ್ಲೇ ತಡೆದು ನನ್ನತ್ತ ನೋಡಿದರು.

"ಬಿಡಬ್ಯಾಡ್ರಿ," ಎಂದೆ. "ಮೊದಲ ತಲಿ ಮ್ಯಾಲ ಏಟು. ಆಮ್ಯಾಲ ಚಾಕು. ಕಲಿತಂಗ ಮಾಡ್ರಿ."

ಮಾಡಿದರು. ನಾನೂ ಮುಖ ತಿರುಗಿಸಲಿಲ್ಲ.

ಸಂಜೆ ಬಾಲ್ಕನಿಯಲ್ಲಿ ಮೀನಿಗೆ ಖಾರದಪುಡಿ, ರವೆ ಹಚ್ಚಿ ಹುರಿದರು. ನಾನು ಒಳಗೆ ಅನ್ನ, ಸಾರು ಬಡಿಸಿಕೊಂಡು ಕುಳಿತೆ. ಗಾಜಿನ ಬಾಗಿಲಾಚೆ ಅವರು ತಟ್ಟೆಯನ್ನು ತೊಡೆಯ ಮೇಲಿಟ್ಟು, ನನಗೆ ಕಾಣದಿರಲೆಂದು ಬೆನ್ನು ತಿರುಗಿಸಿ ತಿನ್ನುತ್ತಿದ್ದರು. ಆ ಬೆನ್ನನ್ನು ನೋಡುತ್ತ ಕೂತಿರಲಾಗಲಿಲ್ಲ. ತಟ್ಟೆ ಎತ್ತಿಕೊಂಡು ಹೊರಗೆ ಹೋದೆ.

"ವಾಸ್ನಿ ಬರ್ತದ, ಒಳಗ ಕೂಡು," ಎಂದರು.

"ಬರ್ಲಿ. ಸರೀರಿ ಸ್ವಲ್ಪ."

ವಾಸನೆ ನನ್ನತ್ತ ಬಾರದಂತೆ ಬಾಣಲೆಯನ್ನು ಆ ಬದಿಗೆ ಸರಿಸಿ ಜಾಗ ಮಾಡಿದರು. ಮುಂದಿನ ಶನಿವಾರ ಯಾವ ಬಂಡೆಯ ಹತ್ತಿರ ನಿಲ್ಲಬೇಕು ಎಂಬುದನ್ನು ನನ್ನ ಊಟ ಮುಗಿಯುವವರೆಗೂ ಹೇಳುತ್ತಲೇ ಇದ್ದರು.